ಸದ್ದಿಲ್ಲದ ಕಾರು

ಮಾರ್ಚ್ ೯, ಸೋಮವಾರ

ಪೆಟ್ರೋಲ್ ಕಾರು ಕೊಟ್ಟು ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳೋಣವೆಂದು ಮಗ ತಿಂಗಳಿಂದ ಪ್ರಾಣ ತಿನ್ನುತ್ತಿದ್ದಾನೆ. ನನ್ನ ತಕರಾರು ಒಂದೇ, ಅದಕ್ಕೆ ಸದ್ದಿಲ್ಲ. ನನ್ನ ಹಳೆಯ ಕಾರು ಬೀದಿ ತಿರುವಿಗೆ ಬಂದರೆ ಸಾಕು, ಮನೆಯಲ್ಲಿ ಟೀವಿ ಆರುತ್ತದೆ, ಮೊಮ್ಮಕ್ಕಳ ಕೈಗೆ ಪುಸ್ತಕ ಬರುತ್ತದೆ. ಸದ್ದು ಹೋದರೆ ಈ ಅಜ್ಜಿಯ ಭಯ ಯಾರಿಗಿರುತ್ತದೆ?

ಇವತ್ತು ಷೋರೂಮಿನವರು ಓಡಿಸಿ ನೋಡಲು ಕೊಟ್ಟ ಕಾರನ್ನು ನಾನೇ ಮನೆಗೆ ತಂದೆ. ಯಾರಿಗೂ ಗೊತ್ತಾಗಲಿಲ್ಲ. ಒಳಗಿನಿಂದ ಸೊಸೆಯ ದನಿ ಕೇಳಿ ಬಾಗಿಲಲ್ಲೇ ನಿಂತೆ.

“ಅಜ್ಜಿ ಇಲ್ಲ ಅಂತ ಬಾಲ ಬಿಚ್ಚಬೇಡಿ. ಟೀವಿ ಆರಿಸಿ, ಪುಸ್ತಕ ತೆಗೀರಿ!”

“ಅಮ್ಮಾ, ನೀನೂ ಥೇಟ್ ಅಜ್ಜೀನೇ!” ಎಂದಳು ಮೊಮ್ಮಗಳು.

“ಹೌದು ಕಣೇ. ಮನೆ ನಡೀಬೇಕಲ್ಲ.”

ಎದೆಯುಬ್ಬಿತು. ಎದುರಿಗೆ ಹೊಗಳುವುದು ನನಗೆ ಬರುವುದಿಲ್ಲ. ಹೊಸ ಕಾರನ್ನು ಸೊಸೆಯ ಹೆಸರಿಗೇ ಮಾಡಿಸು ಎಂದು ನಾಳೆ ಮಗನಿಗೆ ಹೇಳುತ್ತೇನೆ. ಬಣ್ಣ ಮಾತ್ರ ನಾನು ಹೇಳಿದ್ದೇ.