ಒಂದು ನಿಮಿಷದ ಉಸಿರು

ದುಬಲಗುಂಡಿ
೧೨ ಫೆಬ್ರುವರಿ ೨೦೨೫

ಮಗಳು ಪ್ರಣಿತಾಗೆ ನಿನ್ನ ಅವ್ವನ ಜೈ ಭೀಮ್.

ನಾಲ್ಕೇ ತಿಂಗಳ ಕೂಸು, ನಮ್ಮ ಕಪಿಲನನ್ನು ಮಣ್ಣು ಮಾಡಿ ಎರಡು ತಿಂಗಳಾದವು. ಬಾಣಂತನಕ್ಕೆ ಬಂದ ನಿನ್ನನ್ನು ಬರಿಗೈಯಲ್ಲಿ ಕಳಿಸಿದೆ. ಬರೆಯುವುದು ತಡವಾಯಿತು, ತಪ್ಪು ನನ್ನದೇ. ಫೋನಿನಲ್ಲಿ ನೀನು "ಹೂಂ" ಅನ್ನುತ್ತೀ, ನಾನೂ "ಹೂಂ" ಅನ್ನುತ್ತೇನೆ, ಅಷ್ಟಕ್ಕೇ ಮುಗಿಯುತ್ತದೆ. ಬಸವಕಲ್ಯಾಣದಲ್ಲಿ ಅಳಿಯಂದಿರು ಹೇಗಿದ್ದಾರೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಿಮ್ಮಪ್ಪ ನನ್ನನ್ನು ಕೇಳದೆ ತೊಟ್ಟಿಲು ಬಿಚ್ಚಿಟ್ಟರು. ಎರಡು ದಿನ ಅವರೊಂದಿಗೆ ಮಾತು ಬಿಟ್ಟಿದ್ದೆ.

ನಿನ್ನೆ ಹುಮನಾಬಾದಿನಲ್ಲಿ ಹೊಸ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಇತ್ತು. ಕಾಯಿಲೆ ಮಗುವಿನ ಉಸಿರು ಎಣಿಸುವುದನ್ನು ಕಲಿಸಲು ಮೆಹರೀನ್ ಸಿಸ್ಟರ್ ಪ್ರತಿ ಸಲ ನನ್ನನ್ನೇ ಕರೆಯುತ್ತಾರೆ. ಆಶಾ ಕೆಲಸದಲ್ಲಿ ಹದಿನಾಲ್ಕು ವರ್ಷದ ಅನುಭವ, ಬಾಯಿಯೂ ಜೋರು, ನಿನಗೆ ಗೊತ್ತಲ್ಲ. "ಅಂಗಿ ಎತ್ತಿ, ಗಡಿಯಾರ ನೋಡಿ, ಪೂರಾ ಒಂದು ನಿಮಿಷ ಎಣಿಸ್ರಿ. ಎರಡು ತಿಂಗಳಿಂದ ವರ್ಷದೊಳಗಿನ ಕೂಸಿಗೆ ಐವತ್ತು ಮುಟ್ಟಿತಂದ್ರ ನ್ಯುಮೋನಿಯಾ ಇರಬಹುದು, ದವಾಖಾನಿಗೆ ಕಳಸ್ರಿ" ಎಂದೆ. ಆಮೇಲೆ ಸಿಸ್ಟರ್ ಮೊಬೈಲಿನಲ್ಲಿ ಒಂದು ಮಗುವಿನ ಎದೆಯ ವಿಡಿಯೋ ತೋರಿಸಿದರು. ಹನ್ನೆರಡರವರೆಗೆ ಎಣಿಸಿದೆ. ಮುಂದಿನ ಅಂಕಿ ಬಾಯಿಗೆ ಬರಲಿಲ್ಲ.

ಸರಿತಾ ಎಂಬ ಹೊಸ ಹುಡುಗಿ, "ಎರಡು ಸಲ ಎಣಿಸಿದಾಗ ಬ್ಯಾರೆ ಬ್ಯಾರೆ ಬಂದ್ರ ಯಾವುದು ಹಿಡೀಬೇಕ್ರಿ?" ಎಂದು ಕೇಳಿದಳು. ಸಿಸ್ಟರ್, "ಹೆಚ್ಚಿಂದು ಹಿಡೀರಿ. ತಪ್ಪಾದ್ರ ಒಂದು ಬಸ್ಸಿನ ತ್ರಾಸ, ಅಷ್ಟ" ಎಂದರು. ಎಲ್ಲರೂ ನಕ್ಕರು. ನಾನು ಹೊರಗೆ ಹೋಗಿ ನಳದ ಹತ್ತಿರ ಕೂತು ಅತ್ತೆ.

ನಿನ್ನ ಅತ್ತೆ, "ಸೊಸಿ ಕೂಸಿನ ತಲಿಗೆ ನೀರು ಹಾಕಿದ್ದಕ್ಕ ಥಂಡಿ ಹತ್ತಿ ಹೋತು" ಅಂದರಂತೆ. ನೀನೂ ಅದನ್ನೇ ನಂಬಿ, "ನನ್ನ ಕೈಯಿಂದಲೇ ಹೋದ" ಅಂತ ಅಳುತ್ತೀಯಂತೆ. ಅಳಿಯಂದಿರು ಹೇಳಿದರು. ಅದು ಸುಳ್ಳು, ಪ್ರಣಿತಾ. ತಲೆಗೆ ನೀರು ಹಾಕಿದರೆ ನ್ಯುಮೋನಿಯಾ ಬರುವುದಿಲ್ಲ. ಕಪಿಲನಿಗೆ ಆಗಿದ್ದು ನ್ಯುಮೋನಿಯಾ ಅಂತ ಮಣ್ಣಿನ ದಿನವೇ ಎಲ್ಲರೆದುರು ಹೇಳಬೇಕಿತ್ತು, ಹೇಳಲಿಲ್ಲ.

ನಿನ್ನ ಹೊಟ್ಟೆ ತಣ್ಣಗಿರಲಿ, ಮಗಳೇ.

ನಿನ್ನ ಅವ್ವ
ಕಮಳಾಬಾಯಿ

ತಾ.ಕ.: ಕಾಯಿಲೆ ಬಿದ್ದ ಆ ಮಧ್ಯಾಹ್ನ ಕಪಿಲ ನಿನ್ನ ತೊಡೆಯ ಮೇಲಿದ್ದಾಗ ಮೂರು ಸಲ ಉಸಿರು ಎಣಿಸಿದೆ. ಐವತ್ತೆಂಟು, ಐವತ್ತಾರು, ಕೊನೆಗೆ ನಲವತ್ತೆಂಟು. ಬೇರೆಯವರ ಮಗುವಾಗಿದ್ದರೆ ಮೊದಲ ಸಲಕ್ಕೇ ಕಳಿಸುತ್ತಿದ್ದೆ. ನಮ್ಮ ಕೂಸಿಗೆ ಏನೂ ಆಗಿರಬಾರದು ಅಂತ ಕಡಿಮೆ ಬರುವವರೆಗೆ ಎಣಿಸುತ್ತ ಕೂತೆ. "ಮೈ ಸುಡಾಕತ್ತದ, ದವಾಖಾನಿಗೆ ಹೋಗೂಣೇನವ್ವಾ?" ಅಂತ ನೀನು ಕೇಳಿದೆ. ಬೇಡ ಅಂದವಳು ನಾನು. ಈ ಕಾಗದವನ್ನು ನಿನ್ನ ಅತ್ತೆಗೆ ಓದಿ ಹೇಳು.