ಕೊಳವೆಯೊಳಗಿನ ಬೆಳಕು

ಮನೆಯ ಹಿಂದಿನ ಜಗಲಿ,
ಶನಿವಾರ, ೧೪ನೇ ತಾರೀಕು, ಮಧ್ಯಾಹ್ನ ಎರಡು ಗಂಟೆ

ಮುದ್ದಿನ ತಮ್ಮಾ, ಚಿಗರೆರಾಯಾ,

ಹೇಗಿದ್ದೀಯೋ? ಕೆಮ್ಮು ಹೋಯಿತೇ, ಇಲ್ಲ ಬೆಟ್ಟದ ತುದಿಯಲ್ಲಿ ನಿನಗೆ ಅದೊಂದೇ ಜೊತೆಯೇ? ದಿನವಿಡೀ ಗಾಳಿ ಮಳೆ ಅಳೆಯುವವನು ಒಮ್ಮೆ ನಿನ್ನ ಮೈಬಿಸಿಯನ್ನೂ ಅಳೆದುಕೋ. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಾತು, ಅಪ್ಪನ ಮೌನ ಎರಡೂ ಗಟ್ಟಿಮುಟ್ಟಾಗಿವೆ.

ನೀನು ಕಳಿಸಿದ ಸೀಟ್‌ಪೋಸ್ಟ್, ಅದೇ ಸೀಟಿನ ಕಂಬ, ಪೋಸ್ಟಿನಲ್ಲೇ ಬಂತು. ಚುನಾವಣೆಯಲ್ಲಿ ಸೀಟು ಬೀಳುವುದನ್ನು ಕಂಡಿದ್ದೆ. ಹ್ಯಾಂಡಲ್ಲಿನ ಗುಂಡಿ ಒತ್ತಿ ಭಾರ ಹಾಕಿದರೆ ತಗ್ಗಿ, ಭಾರ ತೆಗೆದು ಮತ್ತೆ ಒತ್ತಿದರೆ ಎದ್ದು ನಿಲ್ಲುವ ಸೀಟನ್ನು ಕಂಡದ್ದು ಇದೇ ಮೊದಲು. ನೀನು ರಜೆಗೆ ಬರುವ ಹೊತ್ತಿಗೆ ನನ್ನ ಸೈಕಲ್ಲಿಗೆ ಅದನ್ನು ಕೂರಿಸಿಡಬೇಕು, ನಮ್ಮ ಅವಳಿ ಸೈಕಲ್ಲುಗಳಲ್ಲಿ ಇಬ್ಬರೂ ಇಳಿಜಾರಿಗೆ ಹೋಗಬೇಕು ಎಂದು ಅಪ್ಪಣೆ ಕೊಡಿಸಿದ್ದೀಯಲ್ಲ, ಬೆಳಗ್ಗೆಯೇ ತೋಳೇರಿಸಿದೆ. ಹಳೆಯ ಸೀಟಿನ ಕಂಬ ಎಳೆದರೆ ಹಾಲುಹಲ್ಲಿನ ಹಾಗೆ ತಟಕ್ಕನೆ ಕೈಗೆ ಬಂತು. ಕಂಬದ ಮೇಲಿನ ‘ಇಷ್ಟು ಒಳಗಿರಲೇಬೇಕು’ ಎಂಬ ಗೆರೆ ಕೊಳವೆಯ ಒಳಗೇ ಇತ್ತು, ಆದರೂ ಕಂಬ ಮೊಟಕು ಅನ್ನಿಸಿತು. ನನ್ನ ಬುದ್ಧಿಯೇ ಮೊಟಕು ಎಂದು ನಕ್ಕು ಬದಿಗಿಟ್ಟೆ.

ಆಮೇಲೆ ಶುರುವಾಯಿತು ನೋಡು, ಆ ಗುಂಡಿಯಿಂದ ಸೀಟಿಗೆ ಹೋಗುವ ಕೇಬಲ್ಲಿನ ಕಾಟ. ಅದು ಹೊರಗೆ ಕಾಣಬಾರದಂತೆ, ಮರ್ಯಾದಸ್ಥರ ಮನೆ ಜಗಳದ ಹಾಗೆ. ಹ್ಯಾಂಡಲ್ಲಿನ ಹತ್ತಿರ ಚೌಕಟ್ಟಿನೊಳಗೆ ಹೊಕ್ಕು, ಪೆಡಲಿನ ಬುಡದಲ್ಲಿ ತಿರುಗಿ, ಸೀಟಿನ ಕೊಳವೆಯಲ್ಲಿ ಮೇಲೆ ಬರಬೇಕು. ಮೂರು ಸಲ ತೂರಿಸಿದೆ, ಮೂರು ಸಲವೂ ತಿರುವಿನಲ್ಲೇ ಮುನಿಸಿಕೊಂಡು ನಿಂತಿತು. ಕೊನೆಗೆ ಹೊಲಿಗೆ ದಾರದ ತುದಿಯನ್ನು ಒಳಗೆ ಬಿಟ್ಟು, ಸೀಟಿನ ಕಡೆಯಿಂದ ವ್ಯಾಕ್ಯೂಮ್ ಕ್ಲೀನರ್ ಹಿಡಿದೆ. “ನೆಲದ ಕಸ ತೆಗಿಯೇ ಅಂದ್ರೆ ಸೈಕಲ್ ಹೊಟ್ಟೆ ಗುಡಿಸ್ತಿದ್ದಾಳೆ” ಎಂದಳು ಅಮ್ಮ. ದಾರ ಬಂತೇ ಎಂದು ಕೊಳವೆಯೊಳಗೆ ಇಣುಕಿದೆ. ಕತ್ತಲಲ್ಲಿ ಕೂದಲೆಳೆಯಷ್ಟು ಬೆಳಕು. ದಾರವೆಂದು ಬೆರಳು ಹಾಕಿದರೆ ಸಿಗಲಿಲ್ಲ. ಕೇಬಲ್ಲಿಗೆಂದು ಬಿಟ್ಟ ಕಿಂಡಿ ಇರಬೇಕು ಅಂದುಕೊಂಡು ಅಪ್ಪನನ್ನು ಕರೆದೆ. ಅವರು ಒಂದು ಕಣ್ಣು ಮುಚ್ಚಿ, ಹಲಗೆ ನೆಟ್ಟಗಿದೆಯೇ ಎಂದು ನೋಡುವ ಹಾಗೆ ನೋಡಿದರು. ಬದಿಯಲ್ಲಿದ್ದ ಹಳೆಯ ಕಂಬ ಎತ್ತಿ ಅದರ ತುದಿಯ ಮೇಲೆ ಹೆಬ್ಬೆರಳು ಆಡಿಸಿದರು. “ತಮ್ಮನ ಸೈಕಲ್ಲೂ ಸದ್ದು ಮಾಡತ್ತಾ?” ಎಂದರು. “ನನ್ ಸೈಕಲ್ ಹಾಗೇ, ಕೂತ್ರೆ ಕಿರ್ ಅನ್ನತ್ತಂತೆ. ಎಣ್ಣೆ ಬಿಟ್ಟಿದಾನಂತೆ” ಎಂದೆ. ಎದ್ದು ಮರಗೆಲಸದ ಶೆಡ್ಡಿಗೆ ಹೋದವರು ಇನ್ನೂ ಹೊರಗೆ ಬಂದಿಲ್ಲ. ಗರಗಸದ ಸದ್ದೂ ಇಲ್ಲ. ಊಟಕ್ಕೂ ಏಳಲಿಲ್ಲ.

ಇರಲಿ. ಕೇಬಲ್ಲನ್ನು ದಾರಕ್ಕೆ ಕಟ್ಟಿ ಎಳೆದೆ, ಸಾಧುವಿನಂತೆ ಹಿಂದೆಯೇ ಬಂತು. ಕೈಯಲ್ಲಿ ಅದುಮಿದರೆ ಹೊಸ ಸೀಟು ಇಳಿಯುತ್ತೆ, ಏರುತ್ತೆ. ಸಂಜೆ ಕೂತು ನೋಡಬೇಕು. ನೀನು ಹೋದ ಕಾಗದದಲ್ಲಿ ಕೊಚ್ಚಿಕೊಂಡದ್ದನ್ನು ಓದಿ ಅಮ್ಮ ಹೆದರಿದ್ದಾಳೆ. ಟಪಾಲು ಜೀಪಿನ ಧೂಳು ಕಂಡ ಕೂಡಲೇ ಸೈಕಲ್ ಹತ್ತಿ, ಡ್ರೈವರು ಬೆಟ್ಟದ ಬುಡದ ಗೇಟಿನಲ್ಲಿ ಹಾರ್ನ್ ಹೊಡೆಯುವ ಮೊದಲೇ ಕೆಳಗಿರುತ್ತೀಯಂತೆ! ಮೆಲ್ಲಗೆ ಇಳಿಯೋ ಮಹಾರಾಯ. ಈ ಕಾಗದಕ್ಕೇನೂ ಕಾಲಿಲ್ಲ, ಓಡಿಹೋಗಲ್ಲ.

ಅಮ್ಮನ ಆಶೀರ್ವಾದ. ನನ್ನದು ಎಂದಿನಂತೆ ತಲೆಗೊಂದು ಮೊಟಕು.

ನಿನ್ನ
ಅಕ್ಕ

ತಾ.ಕ.: ಮೂರೂವರೆ. ಅಪ್ಪ ಈಗ ಬಂದರು. ಕೈಯಲ್ಲಿ ಎರಡು ಕೊಳವೆ ತುಂಡು. ಅವರ ಮೇಜಿನ ಮೇಲೆ ಪೆನ್ಸಿಲ್ ನಿಲ್ಲಿಸಲು ಇಟ್ಟಿದ್ದಾರಲ್ಲ, ಅವೇ. ಸೈಕಲ್ ಕೊಂಡ ವಾರ ನಮ್ಮಿಬ್ಬರ ಕಂಬವನ್ನೂ ಬುಡದಲ್ಲಿ ಕೊಯ್ದಿದ್ದರಂತೆ, “ಒಳಗೆ ಸುಮ್ನೆ ಕೂತಿರೋ ಭಾರಾನ ಮಕ್ಕಳು ಯಾಕೆ ಹೊರಬೇಕು” ಅಂತ. ಗೆರೆ ಉಳಿದಿದೆ, ಗೆರೆಯ ಕೆಳಗೆ ಇರಬೇಕಾದದ್ದು ಇಲ್ಲ. ನಾನು ಕಂಡದ್ದು ಕಿಂಡಿಯಲ್ಲ, ಮೋಟು ಕಂಬ ಮೀಟಿ ಮೀಟಿ ಚೌಕಟ್ಟಿಗೆ ಬಿದ್ದ ಬಿರುಕು. ಕೊಳವೆಯ ಅರ್ಧ ಸುತ್ತು ಬಂದಿದೆ. ನೀನು ನಿನ್ನ ಸೈಕಲ್ ಹತ್ತಬೇಡ. ನಿಮ್ಮ ಕಚೇರಿಗೆ ಫೋನ್ ಮಾಡಿದೆ, ಬೆಟ್ಟದ ವೈರ್‌ಲೆಸ್ ಇನ್ನೂ ಕೆಟ್ಟೇ ಇದೆಯಂತೆ. ಅಪ್ಪ ಈ ಕಾಗದ ಹಿಡಿದು ತಾವೇ ನಾಲ್ಕು ಗಂಟೆಯ ಟಪಾಲು ಜೀಪು ಹತ್ತುತ್ತಿದ್ದಾರೆ. ಹಾರ್ನ್ ಹೊಡೆಯಬೇಡಿ ಎಂದು ಡ್ರೈವರಿಗೆ ಹತ್ತು ಸಲ ಹೇಳಿದ್ದೇನೆ. ಧೂಳಿಗೆ ಯಾರು ಹೇಳುವುದು?