ಕಾರಿನ ಕೀ ನನ್ನ ಹತ್ತಿರ ಇದೆ

ಅಪ್ಪಾ,

ಹುಡುಕಬೇಡಿ, ಕಾರಿನ ಕೀ ನಾನೇ ತಗೊಂಡು ಬಂದಿದ್ದೀನಿ. ಎದುರಿಗೆ ಕೂತು ಹೇಳೋಕೆ ಹೋದರೆ ಇಬ್ಬರೂ ಕೂಗಾಡ್ತೀವಿ, ಅದಕ್ಕೇ ಬರೀತಿದ್ದೀನಿ.

ಸೋಮವಾರ ಡಯಾಲಿಸಿಸ್‌ಗೆ ಹೋಗುವಾಗ ಶಾಲೆಯ ಮುಂದೆ ಏನಾಯ್ತು ಅಂತ ಅಮ್ಮ ಹೇಳಿದಳು. ರಸ್ತೆ ದಾಟುತ್ತಿದ್ದ ಮಗುವನ್ನು ಅದರ ತಾಯಿ ಹಿಂದಕ್ಕೆ ಎಳೆದುಕೊಂಡಳಂತೆ. ನೀವು ನೋಡಲೇ ಇಲ್ಲವಂತೆ. ಮುಂದೆ ಯಾರೋ ಇದ್ದಾರೆ ಅಂತ ಕಾರಿನ ಅಲಾರಂ ಕಿರುಚಿಕೊಂಡರೆ, ಫೋನ್ ಅಂದುಕೊಂಡು ಜೇಬು ತಡಕಿದಿರಂತೆ.

"ಲೈಸೆನ್ಸ್ ಸರ್ಕಾರವೇ ಕೊಟ್ಟಿದೆ, ನೀನ್ಯಾರೇ ಕೇಳೋಕೆ?" ಅಂತೀರಿ. ಕೊಟ್ಟಿದೆ, ನಿಜ. ಈಗಿನ ನಿಮ್ಮ ಕಣ್ಣು ನೋಡಿ ಕೊಟ್ಟಿದ್ದಲ್ಲ. ತಾನೇ ಬ್ರೇಕ್ ಹಾಕೋ ಕಾರು ಕೊಳ್ಳೋಣ ಅಂತಾನೆ ಅಣ್ಣ. ವಯಸ್ಸಾದವರು ಓಡಿಸಬಾರದು ಅಂತ ಕಾನೂನೇ ಬರಬೇಕು ಅಂತಾರೆ ಚಿಕ್ಕಪ್ಪ. ಅಮ್ಮನನ್ನು ನಾನು ಕರ್ಕೊಂಡು ಹೋಗ್ತೀನಿ ಅಂತ ಚಿಕ್ಕಪ್ಪ ಆಗಲಿ, ಅಣ್ಣ ಆಗಲಿ ಬಾಯಿ ಬಿಡಲಿಲ್ಲ. ಆ ಕಾರು, ಆ ಕಾನೂನು ಬರೋವರೆಗೆ ಅಮ್ಮನ ಕಿಡ್ನಿ ಕಾಯುತ್ತಾ? ನನಗಂತೂ ಎಲ್ಲರ ಮಾತು ಕೇಳಿ ಕೇಳಿ ಸಾಕಾಗಿದೆ.

ಡಯಾಲಿಸಿಸ್ ದಿನಗಳಲ್ಲಿ ಕೆಲಸಕ್ಕೆ ಮಧ್ಯಾಹ್ನದ ಪಾಳಿ ಕೇಳಿ ತಗೊಂಡಿದ್ದೀನಿ. ಗುರುವಾರ ಬೆಳಿಗ್ಗೆ ಬರ್ತೀನಿ, ಅಮ್ಮನ ಫೈಲು, ಶಾಲು ತೆಗೆದಿಟ್ಟಿರಿ.

ಅವಳ ಮೇಲೆ ರೇಗಬೇಡಿ. "ಅವರಿಗೆ ಬೇಜಾರಾಗದ ಹಾಗೆ ಹೇಳೇ" ಅಂದಳು. ಹಾಗೆ ಹೇಳೋದು ಹೇಗೆ ಅಂತ ನನಗೆ ತಿಳೀಲಿಲ್ಲ.

ನೀವೂ ಬನ್ನಿ, ಮುಂದೆ ನನ್ನ ಪಕ್ಕ ಕೂತ್ಕೊಳ್ಳಿ. ನಾನು ಓಡಿಸೋದು ನಿಮಗೆ ಹಿಡಿಸಲ್ಲ, ಗೊತ್ತು. ದಾರಿಯುದ್ದಕ್ಕೂ ಬೈಯಿರಿ. ಎದುರು ಮಾತಾಡಲ್ಲ.

ನಿಮ್ಮ ಮಗಳು